ಮಗ್ಗದ ಮುಂದೆ ಬಚ್ಚಿಟ್ಟ ಅಂಜಿಕೆ

ಗುಟ್ಟು ಕಾಪಾಡುವ ವಿದ್ಯೆಯಲ್ಲಿ ಇಡೀ ಗಜೇಂದ್ರಗಡದಲ್ಲಿ ನನಗೆ ಸಮಾನರಿಲ್ಲ ಎಂದು ನಂಬಿದ್ದೆ. ಗುಟ್ಟು ಇಷ್ಟೇ: ನನಗೆ ಸದಾ ಅಂಜಿಕೆ. ಕಾರಣವಿಲ್ಲದೆ ಎದೆ ಡವಡವ, ಅಂಗೈ ಒದ್ದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ, ಮಗಳು ಶಾಲೆ ಮುಟ್ಟಿದಳೋ ಇಲ್ಲವೋ, ನಾಳೆ ನಾನು ಇರುತ್ತೇನೋ ಇಲ್ಲವೋ!

ಇದಕ್ಕೆ ನಾನೇ ಒಂದು ಔಷಧ ಕಂಡುಹಿಡಿದಿದ್ದೆ. ನಾನು ವಿದ್ಯುತ್ ಮಗ್ಗ ನಡೆಸುವವನು. ಹನ್ನೆರಡು ಮಗ್ಗಗಳ ಖಟಪಟದಲ್ಲಿ ಪಕ್ಕದವನ ಕೂಗೂ ಕೇಳಿಸದು. ಅಲ್ಲಿ ನಿಂತು ಆರು ವರ್ಷ ನನ್ನ ಅಂಜಿಕೆಯನ್ನೆಲ್ಲ ಬಾಯಿಬಿಟ್ಟು ಹೇಳಿಕೊಂಡೆ. ಎದುರಿಗೇ ಕೂತು ಕಂಡಿಕೆಗೆ ನೂಲು ಸುತ್ತುವ ಹೆಂಡತಿ ಶಾಂತವ್ವನಿಗೂ ಗೊತ್ತಾಗಲಿಲ್ಲ. ಆಕೆ ನನ್ನನ್ನು ಗಟ್ಟಿ ಗಂಡಸು ಎಂದು ತಿಳಿದಿದ್ದಳು. ಅದೂ ಹೋದರೆ ನನಗೆ ಉಳಿಯುವುದೇನು?

ಆದರೆ ಹೋದ ತಿಂಗಳು ಮಗ್ಗದ ಮುಂದೆಯೇ ಉಸಿರು ಕಟ್ಟಿ ಕುಸಿದು ಕುಳಿತೆ. "ಪಿತ್ತ" ಎಂದು ಎಲ್ಲರಿಗೂ ಹೇಳಿದೆ. ಇನ್ನು ಶಾಂತವ್ವನಿಗೆ ನಿಜ ಹೇಳಲೇಬೇಕು ಎಂದು ನಿರ್ಧರಿಸಿದೆ.

ಮೊದಲ ಯತ್ನ ಊಟದ ಹೊತ್ತಿನಲ್ಲಿ. "ನಿನಗೊಂದ ಮಾತ ಹೇಳಬೇಕು" ಎಂದೆ. ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಗಾಬರಿಯಲ್ಲಿ "ಇನ್ನೊಂದ ರೊಟ್ಟಿ ಹಾಕ" ಎಂದುಬಿಟ್ಟೆ. ನಾಲ್ಕು ದಿನ ಬಾಯಿ ತೆರೆದಾಗಲೆಲ್ಲ ರೊಟ್ಟಿಯೇ ಬಂತು. ಅಂಜಿಕೆ ಇಳಿಯಲಿಲ್ಲ, ಹೊಟ್ಟೆ ಏರಿತು.

ಎರಡನೆಯದು ಇಬ್ಬರೂ ಕೂಡಿ ಹೊರಟ ರೋಣದ ಬಸ್ಸಿನಲ್ಲಿ. ನಾನು ಗಂಟಲು ಸರಿಮಾಡಿಕೊಂಡದ್ದೇ ತಡ, ಮುಂದಿನ ಸೀಟಿನ ಅಜ್ಜಿ ಪೂರ್ತಿ ತಿರುಗಿ ಕುಳಿತಳು. ಕಂಡಕ್ಟರೂ ನಿಂತ. ಸಭೆ ನೆರೆದದ್ದು ನೋಡಿ "ಈ ಸಲ ಕಡ್ಲಿ ಚಲೋ ಬಂದೈತಿ" ಎಂದು ಭಾಷಣ ಮುಗಿಸಿದೆ.

ಕೊನೆಗೊಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳು ನಿಂತವು, ಎಲ್ಲರೂ ಚಹಾಕ್ಕೆ ಹೊರಟರು. ಉಳಿದವರು ನಾವಿಬ್ಬರೇ.

"ಶಾಂತಾ, ಮನಸ್ಸ ಗಟ್ಟಿ ಮಾಡ್ಕೊ. ನನಗ ಭಾಳ ಅಂಜಿಕಿ ಆಗ್ತೈತಿ. ದಿನಾ. ಆರು ವರ್ಷ ಆತು."

"ಗೊತ್ತೈತ್ರಿ" ಎಂದಳು, ಕೈಯಲ್ಲಿನ ನೂಲು ಬಿಡದೆ.

"ಯಾರ ಹೇಳಿದ್ರು?"

"ನೀವ ಹೇಳೀರಲ್ರಿ, ದಿನಾ! ಈ ಸದ್ದಿನ್ಯಾಗ ನಾವೆಲ್ಲಾ ತುಟಿ ನೋಡೇ ಅಲ್ಲೇನ್ರಿ ಮಾತ ತಿಳ್ಕೊಳ್ಳೂದು?"

ಹೌದಲ್ಲ! ಹತ್ತು ಮಗ್ಗದಾಚೆ ನಿಂತ ಜೊತೆಗಾರ ಹುಸೇನಸಾಬ 'ಚಹಾ' ಎಂದು ತುಟಿ ಆಡಿಸಿದರೆ ಮೊದಲು ಹೊರಡುವವನೇ ನಾನು. ನನಗೂ ಎರಡು ತುಟಿಗಳಿವೆ ಎಂಬುದು ಮಾತ್ರ ಹೊಳೆದಿರಲಿಲ್ಲ. ದಿನವೂ ಮನೆಯಿಂದ ಹೊರಡುವಾಗ ಆಕೆ "ಗ್ಯಾಸ್ ಬಂದ್ ಮಾಡೇನ್ರಿ" ಎಂದು ಕೂಗಿ ಹೇಳುತ್ತಿದ್ದುದು ಏಕೆಂದು ಈಗ ತಿಳಿಯಿತು.

"ಮತ್ತ ಯಾಕ ಸುಮ್ನಿದ್ದಿ?"

"ನೀವಾಗೇ ಹೇಳ್ಲಿ ಅಂತ ಕಾದ್ನಿ. ಒಬ್ರ ಯಾಕ ಹೊರ್ತೀರಿ? ನಾಳಿ ಇಬ್ರೂ ಕೂಡಿ ದವಾಖಾನಿಗೆ ಹೋಗೂಣು."

ಅತ್ತುಬಿಟ್ಟೆ. ಆರು ವರ್ಷದ ಭಾರ ಇಳಿದು ಎದೆ ಹಗುರವಾಯಿತು. ಕಣ್ಣೊರೆಸಿಕೊಳ್ಳುತ್ತ ಕೇಳಿದೆ: "ಹಂಗಾರ ನಾ ಅಲ್ಲಿ ನಿಂತ ಅಂದಿದ್ದೆಲ್ಲಾ ನಿನಗ ಗೊತ್ತೈತೇನ?"

"ಎಲ್ಲಾ. ನನ್ನ ತಮ್ಮಗ ಬೈದದ್ದೂ."

ಎದೆ ಮತ್ತೆ ಡವಡವ ಎಂದಿತು. ಆರು ವರ್ಷದಲ್ಲಿ ಮೊದಲ ಸಲ ಅದಕ್ಕೊಂದು ಸರಿಯಾದ ಕಾರಣವಿತ್ತು!