ಅತ್ತೆಯ ಮೆದುಳಿಗೆ ನಾನು ಮಾಡಿದ ತಿದ್ದುಪಡಿ

ಮಾನವಿಯಲ್ಲಿ ಇಪ್ಪತ್ತು ವರ್ಷದಿಂದ ಫೋಟೊ ಸ್ಟುಡಿಯೊ ಇಟ್ಟಿರುವವನು ನಾನು. ಯಾವ ಫೋಟೊವನ್ನಾದರೂ ಯಾವ ಅಳತೆಗಾದರೂ ತರಬಲ್ಲೆ. ಅರ್ಜಿಗೆ ಬೇಕೆ? ಬ್ಯಾನರಿಗೆ ಬೇಕೆ? ತಲೆ ಒಂದೇ, ಅಳತೆ ಬೇರೆ! ಹೀಗಿರುವಾಗ ದೇವದುರ್ಗದ ನನ್ನ ಅತ್ತೆಯ ತಲೆ ನನಗೆ ಯಾವ ಲೆಕ್ಕ ಎಂದುಕೊಂಡದ್ದೇ ತಪ್ಪಾಯಿತು.

ಅತ್ತೆಗೆ ಬಲಗೈ ಸೋಲತೊಡಗಿತ್ತು. ಪಟಪಟನೆ ರೊಟ್ಟಿ ಬಡಿಯುತ್ತಿದ್ದವರು ಚಹಾದ ಕಪ್ಪನ್ನೂ ಕೈಬಿಡುತ್ತಿದ್ದರು. ರಾಯಚೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಎಡಭಾಗದಲ್ಲಿ ಗಂಟು ಕಂಡಿತು. ಹೈದರಾಬಾದಿನ ಡಾಕ್ಟರು ಚಿತ್ರಗಳನ್ನು ನೋಡಿ ಆಪರೇಷನ್ ದಿನ ಹೇಳಬೇಕಿತ್ತು. ಆದರೆ ಅವರ ವೆಬ್‌ಸೈಟು ದೊಡ್ಡ ಚಿತ್ರಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ.

"ಸಣ್ಣವು ಮಾಡೋದೇನು ಮಹಾ! ನಾನದೀನಲ್ಲ" ಎಂದು ಎದೆಯುಬ್ಬಿಸಿದೆ.

"ಅದು ಫೋಟೊ ಅಲ್ರೀ, ನಮ್ಮವ್ವನ ತಲಿ. ಸಾವಕಾಶ ಮಾಡ್ರಿ" ಎಂದಳು ಹೆಂಡತಿ ಶರಣಮ್ಮ.

ಸಿ.ಡಿ.ಯಲ್ಲಿದ್ದ ನಲವತ್ತು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು, ಸಿ.ಡಿ.ಯನ್ನು ಅತ್ತೆಗೆ ವಾಪಸು ಕಳಿಸಿದೆ. ಕೂತವನೇ ಅಭ್ಯಾಸಬಲದಿಂದ ಪಾಸ್‌ಪೋರ್ಟ್ ಅಳತೆ ಒತ್ತಿದೆ. ಅತ್ತೆಯ ತಲೆ ಸೌತೆಕಾಯಿಯಂತೆ ಉದ್ದವಾಯಿತು!

"ಯವ್ವಾ! ಇದೇನ್ರೀ ಇದು?" ಶರಣಮ್ಮ ಬಾಯಿಗೆ ಸೆರಗು ಹಿಡಿದಳು.

ಅದನ್ನೇನೋ ಸರಿಪಡಿಸಿದೆ. ಆಗ ಕಂಡಿತು ನೋಡಿ, ಲ್ಯಾಬಿನವರ ಘೋರ ಪ್ರಮಾದ! ಪ್ರತಿ ಚಿತ್ರದ ಎಡಬದಿಗೆ ಇಂಗ್ಲಿಷಿನ ಆರ್, ಬಲಬದಿಗೆ ಎಲ್. ಅಂದರೆ ಎಡಕ್ಕೆ ಬಲ, ಬಲಕ್ಕೆ ಎಡ!

"ಓದಿದವರು ಅದಾರ. ಏನರ ಕಾರಣ ಇರಬೇಕ್ರೀ" ಎಂದಳು ಶರಣಮ್ಮ.

"ಏ, ಸುಮ್ನಿರು. ಸೆಲ್ಫಿಯೊಳಗ ಹಿಂಗ ಉಲ್ಟಾ ಬರತದ. ಹೆಣ್ಮಕ್ಕಳ ಮೂಗುಬೊಟ್ಟು ಆಚಿ ಕಡೆ ಹೋದಾಗ ದಿನಾ ನಾನ ತಿರುವಿ ಕೊಡ್ತೀನಿ!"

ನಲವತ್ತೂ ಚಿತ್ರಗಳನ್ನು ಒಂದೇ ಏಟಿಗೆ ಕನ್ನಡಿಯಲ್ಲಿ ಕಂಡಂತೆ ತಿರುವಿದೆ. ಅಕ್ಷರಗಳೂ ಉಲ್ಟಾ ಆದವು. ಮದುಮಗಳ ಮೊಡವೆ ಅಳಿಸುವಷ್ಟೇ ನಾಜೂಕಾಗಿ ಅವನ್ನು ಅಳಿಸಿಬಿಟ್ಟೆ. ಹಳೆಯವುಗಳ ಮೇಲೆಯೇ ಸೇವ್ ಮಾಡಿ, ರಿಪೋರ್ಟಿನ ಜೊತೆ ಹೈದರಾಬಾದಿಗೆ ಕಳಿಸಿದೆ. ಇಷ್ಟು ಚೊಕ್ಕ ಕೆಲಸಕ್ಕೆ ಒಂದು ಶಭಾಷ್ ಬಂದೇ ಬರುತ್ತದೆ ಎಂದು ಕಾದೆ.

ಮರುದಿನ ಬೆಳಿಗ್ಗೆ ಹೈದರಾಬಾದಿನ ಡಾಕ್ಟರಮ್ಮನ ಫೋನು ಬಂತು. ಮಾತು ಕೇಳಿದರೆ ನಮ್ಮ ಕಡೆಯವರೇ.

"ಪೇಷಂಟಿಗೆ ಯಾವ ಕೈ ಸೋತದ?"

"ಬಲಗೈ ರೀ ಮೇಡಂ."

"ಹಂಗಾದ್ರ ಗಂಟು ಎಡಕ್ಕ ಇರಬೇಕು. ರಿಪೋರ್ಟಿನಾಗೂ ಎಡಕ್ಕ ಅದ. ನೀವು ಕಳಿಸಿದ ಚಿತ್ರದಾಗ ಬಲಕ್ಕ ಅದ! ಆರ್, ಎಲ್ ಎಲ್ಲಿ ಹೋದ್ವು?"

"ಅವನ್ನ... ಚೊಕ್ಕ ಮಾಡೀನ್ರಿ."

ಡಾಕ್ಟರಮ್ಮ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಈ ಚಿತ್ರಗಳನ್ನ ಪೇಷಂಟು ನಮ್ಮ ಎದುರಿಗೆ ಇದ್ದಂಗ ನೋಡ್ತೀವ್ರಿ. ಅವರ ಬಲ ನಮ್ಮ ಎಡಕ್ಕ ಬರತದ. ನೀವು ಏನು ಕೆಲಸ ಮಾಡ್ತೀರಿ?"

"ಫೋಟೊಗ್ರಾಫರ್ ರೀ."

ಇಪ್ಪತ್ತು ವರ್ಷ ಜನರನ್ನು ಎದುರಿಗೆ ಕೂರಿಸಿ "ನನ್ನ ಬಲಕ್ಕಲ್ರೀ, ನಿಮ್ಮ ಬಲಕ್ಕ ತಿರುಗ್ರಿ" ಎಂದು ಗಂಟಲು ಹರಿದುಕೊಂಡವನು ನಾನೇ!

"ಮತ್ತ ತಿರುವಿ ಕಳಿಸ್ಲೇನ್ರಿ?"

"ಅವನ್ನ ಮುಟ್ಟಬ್ಯಾಡ್ರಿ! ಮೂಲ ಸಿ.ಡಿ.ಯಿಂದ ತೆಗೆದು, ಗುರುತು ಸಮೇತ ಸಂಜಿ ಒಳಗ ಕಳಿಸ್ರಿ. ಇವತ್ತ ಆಪರೇಷನ್ ದಿನ ಗೊತ್ತು ಮಾಡೋದದ. ತಡಾ ಆದಷ್ಟು ಕೈಗೆ ಕೇಡು."

ಬೈಕ್ ಹತ್ತಿ ದೇವದುರ್ಗಕ್ಕೆ ಓಡಿದೆ. ದಾರಿಯಲ್ಲಿ ಎಡಕ್ಕೆ ತಿರುಗುವ ಮೊದಲು ಎರಡೆರಡು ಸಲ ಯೋಚಿಸಿದೆ!

ಸಿ.ಡಿ. ಇದ್ದದ್ದು ದೇವರ ಜಗಲಿಯ ಮೇಲೆ. ಅದಕ್ಕೆ ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಅತ್ತೆ ಎಡಗೈಯಿಂದ ಹೂ ಏರಿಸುತ್ತಿದ್ದರು.

"ನನ್ನ ತಲಿ ಇದರೊಳಗ ಅದ ಅಂತ ಶರಣಿ ಹೇಳಿದ್ಳು, ಅಳಿಯಾರ. ಅದಕ್ಕ ಪೂಜಿ ಮಾಡಾಕತ್ತೀನಿ."

ನನಗೆ ಅಳು ಬಂತು. ಮಾಡಿದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರ ಕೊಯ್ಯೋರಿಗೆ ಚಲೋ ಇದ್ದ ಕಡೆ ತೋರಿಸಿದ್ರೇನು?" ಎಂದು ಮೆಲ್ಲಗೆ ಕೇಳಿದರು.

ಸಿ.ಡಿ. ಹಿಡಿದು ಮಾನವಿಗೆ ಬಂದೆ. ವಿಭೂತಿ ಒರೆಸಿ ಕಂಪ್ಯೂಟರಿಗೆ ಹಾಕಿದರೆ ಅದು ಗರ್ ಎಂದಿತು, ನಿಂತಿತು, ಮತ್ತೆ ಗರ್ ಎಂದಿತು. ಅಷ್ಟರಲ್ಲಿ ಶರಣಮ್ಮ ತಿಳಿದ ದೇವರಿಗೆಲ್ಲ ಕಾಯಿ ಒಡೆಸುವ ಹರಕೆ ಹೊತ್ತುಕೊಂಡಳು. ಕೊನೆಗೆ ಚಿತ್ರಗಳು ತೆರೆದುಕೊಂಡವು! ಉದ್ದಗಲ ಎರಡನ್ನೂ ಸಮನಾಗಿ ಇಳಿಸುತ್ತ ಹೋದೆ. ಅವಳು ಪಕ್ಕದಲ್ಲಿ ಕೂತು ಒಂದೊಂದಕ್ಕೂ "ಆರ್ ಅದ, ಎಲ್ ಅದ, ಮುಂದಕ್ಕ ನಡೀರಿ" ಎಂದಳು. ಅವಳ ಅಪ್ಪಣೆಯಿಲ್ಲದೆ ಬೆರಳು ಅಲ್ಲಾಡಿಸಲಿಲ್ಲ. ಸಂಜೆಯೊಳಗೆ ಕಳಿಸಿದೆವು. ಆಪರೇಷನ್ ದಿನವೂ ಗೊತ್ತಾಯಿತು.

ಆಪರೇಷನ್ ದಿನ ಬೆಳಿಗ್ಗೆ ಡಾಕ್ಟರಮ್ಮ ಪೆನ್ನಿನಿಂದ ಅತ್ತೆಯ ತಲೆಗೆ ಗುರುತು ಹಾಕಲು ಬಂದರು. ಅತ್ತೆ ನನ್ನ ಕಡೆ ನೋಡಿ, "ಯವ್ವಾ, ಮೊದಲು ಅಳಿಯಾರನ್ನ ಹೊರಗ ಕಳಸ್ರಿ. ಇದನ್ನೂ ಚೊಕ್ಕ ಮಾಡ್ಯಾರು!" ಎಂದರು.

ಹೊರಗೆ ಹೋಗಿ ಕೂತೆ. ಗಳಿಗೆಗೊಮ್ಮೆ ಎದ್ದೆ, ಕೂತೆ, ನೀರು ಕುಡಿದೆ. ಮಧ್ಯಾಹ್ನ ಬಾಗಿಲು ತೆರೆದು ಡಾಕ್ಟರಮ್ಮ ನಗುತ್ತಾ ಬಂದರು. "ಎಡಕ್ಕಿದ್ದ ಗಂಟು ಪೂರಾ ತೆಗೆದೀವಿ. ಕೈ ಸುಧಾರಸ್ತದ."

ಶರಣಮ್ಮ ಅಳುತ್ತಾ ಅವರ ಎರಡೂ ಕೈ ಹಿಡಿದುಕೊಂಡಳು. ನಾನೂ ಕೈಮುಗಿದು ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಬಾಯಿ ತೆರೆದೆ. ಬಂದದ್ದು ಇಷ್ಟೇ:

"ಯಾರ ಎಡಕ್ಕ ರೀ, ಮೇಡಂ?"