ಮೂಲೆ ಹಿಡಿದ ರಾಜ

ಹೊಸಪೇಟೆಯ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಮೆತ್ತಗಾದ ಮಂಡಕ್ಕಿಯ ಬೆಲೆ. ದರೋಜಿ ದಾರಿಯಲ್ಲಿ ಕರಡಿಯೊಂದು ನನ್ನ ಸೈಕಲ್ಲಿಗೆ ಸೈಡು ಕೊಟ್ಟು ಕೈ ಮುಗಿದಿತ್ತು ಎಂದರೆ (ನಂಬದಿದ್ದರೆ ಕರಡಿಯನ್ನೇ ಕೇಳಿ) ಎಲ್ಲರೂ ನಗುತ್ತಾರೆ. ಮೊಮ್ಮಗಳು ಕಾವ್ಯಳ ಫೋನು ಹೇಳಿದ್ದು ಮಾತ್ರ ವೇದವಾಕ್ಯ. ಮೊನ್ನೆ ಮೋಡ ನೋಡಿ ಮಳೆ ಬರುತ್ತದೆ ಎಂದೆ. ಫೋನು ಬರಲ್ಲ ಎಂದಿತು. ಹಪ್ಪಳಗಳು ಮಾಳಿಗೆಯ ಮೇಲೆ ಈಜು ಕಲಿತವು. ತಪ್ಪು ಮಳೆಯದಂತೆ.

ನನಗೆ ಉಳಿದಿದ್ದ ಏಕೈಕ ಸಾಮ್ರಾಜ್ಯ ಪಡಸಾಲೆಯ ಬೆತ್ತದ ಕುರ್ಚಿ. ಹೆಂಡತಿಯ ತಮ್ಮ ಜಂಬುನಾಥ ಸಂಡೂರಿನಿಂದ ನಡುನೋವು ಹೊತ್ತು ಬಂದವನು, ದಿನಾ ನನಗಿಂತ ಮೊದಲೇ ಎದ್ದು ಅದರಲ್ಲಿ ಪಟ್ಟಾಭಿಷಿಕ್ತನಾಗಿರುತ್ತಿದ್ದ. ವ್ಯಾಜ್ಯ ಹೆಂಡತಿ ಉಚ್ಚೆಂಗಮ್ಮನ ನ್ಯಾಯಪೀಠಕ್ಕೆ ಹೋಯಿತು.

“ಚದುರಂಗ ಆಡ್ರಿ. ಗೆದ್ದವರು ಕುರ್ಚಿ ಮ್ಯಾಲೆ ಕುಂದ್ರಿ. ನನ್ನ ತಲಿ ತಿನ್ನಬ್ಯಾಡ್ರಿ,” ಎಂದಳು.

ಆಡುತ್ತಾ ಆಡುತ್ತಾ ನನ್ನ ಕಡೆ ಉಳಿದವನು ರಾಜನೊಬ್ಬನೇ. ಜಂಬುನಾಥನ ಕಡೆ ರಾಜ, ಒಂದು ಒಂಟೆ, ಅಂಚಿನ ಸಾಲಿನಲ್ಲೊಂದು ಪ್ಯಾದಿ. ಕಾವ್ಯ ಅದನ್ನೆಲ್ಲ ಫೋನಿನಲ್ಲಿ ಜೋಡಿಸಿದಳು.

“ತಾತ, ಜಂಬು ತಾತ ನಾಲ್ಕು ಪಾಯಿಂಟ್ ಮುಂದದಾರ. ನೀ ಸೋತಂಗ.”

ಜಂಬುನಾಥ ಆಗಲೇ ಕುರ್ಚಿಗೆ ದಿಂಬು ಹಾಕಿದ. “ಇನ್ಯಾಕ ಆಡೋದು, ಮಾವ? ಮಷಿನ್ನೇ ಹೇಳೇತಲ್ಲ.”

“ಲೇ, ಅದು ಒಂಟಿಗೆ ಮೂರು, ಪ್ಯಾದಿಗೊಂದು ಅಂತ ಕಟ್ಟಿಗಿ ಎಣಿಸ್ತೈತಿ. ನಿನ್ನ ಪ್ಯಾದಿ ಮಂತ್ರಿ ಆಗಬೇಕಂದ್ರ ಆ ಸಾಲಿನ ತುದಿ ಮೂಲಿಗೇ ಬರಬೇಕು. ಮೂಲಿ ಬಿಳಿ ಮನಿ. ನಿನ್ನ ಒಂಟಿ ಸಾಯೋತನ ಕರೇ ಮನ್ಯಾಗ ತಿರಗೋದು. ನಾ ಮೂಲ್ಯಾಗ ಹೋಗಿ ಕುಂತ್ರ ಎಬ್ಬಸೋರ್ಯಾರು?”

ನನ್ನ ರಾಜ ಮೂಲೆ ಸೇರಿದ. ಜಂಬುನಾಥನ ಒಂಟೆ, ಹಂಪಿಯಲ್ಲಿ ದಾರಿ ತಪ್ಪಿದ ಪ್ರವಾಸಿಗನಂತೆ ಸುತ್ತಿದ್ದೇ ಸುತ್ತಿದ್ದು. ಕೊನೆಗೆ ಬೇಸತ್ತು ಪ್ಯಾದಿ ನೂಕಿದ. ನನಗೆ ಚೆಕ್ ಇಲ್ಲ, ಕಾಲಿಡಲು ಮನೆಯೂ ಇಲ್ಲ. ಆಟ ಡ್ರಾ. ಅದರ ಹಿಂದಿನ ನಡೆಯವರೆಗೂ ಫೋನು ನಾಲ್ಕು ನಾಲ್ಕು ಎಂದು ಜಪ ಮಾಡುತ್ತಲೇ ಇತ್ತು.

ಎದ್ದು ನಿಂತು ಭಾಷಣ ಮಾಡಿದೆ. “ನೋಡ್ರಿ, ಯಾರೂ ಗೆದ್ದಿಲ್ಲ. ನಿಮ್ಮ ಫೋನಿಗೆ ಕೊನಿ ಆಟ ತಿಳಿಯಂಗಿಲ್ಲ.”

“ಖರೇನ ಯಾರೂ ಗೆದ್ದಿಲ್ಲ?” ಉಚ್ಚೆಂಗಮ್ಮ ಕೇಳಿದಳು.

“ಬೇಕಾದ್ರ ಆಣಿ ಮಾಡ್ತೀನಿ.”

ಅವಳು ದಿಂಬನ್ನು ತಮ್ಮನ ಕೈಗೆ ಕೊಟ್ಟು, ಸೋಸುವ ಸೊಪ್ಪಿನ ಮೊರ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. “ಹಂಗಾದ್ರ ನಾ ಕುಂದರ್ತೀನಿ. ಈ ಮನಿಗೆ ಬಂದಾಗಿಂದ ನಿಂತೇ ಅದೀನಿ.”

“ನಾ ಎಲ್ಲಿ ಕುಂದರ್ಲಿ?”

“ಮೂಲ್ಯಾಗ. ಅಲ್ಲಿಂದ ಯಾರೂ ಎಬ್ಬಸಂಗಿಲ್ಲ ಅಂದ್ರಲ್ಲ.”

ಕೊನೆಯಾಟ ತಿಳಿಯದ ಆ ದಡ್ಡ ಫೋನು ನಾನು ಸೋತೆ ಎಂದಿತ್ತು. ಅದೇ ನಿಜವಾಯಿತು. ಹಾಗೆ ನೋಡಿದರೆ ನನ್ನ ಲೆಕ್ಕವೂ ತಪ್ಪಿಲ್ಲ. ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೇನೆ, ಎಬ್ಬಿಸಲು ಯಾರೂ ಬಂದಿಲ್ಲ. ನಿನ್ನೆ ಸಂಜೆ ಚಹಾಕ್ಕೆ ಕರೆಯಲೂ ಬರಲಿಲ್ಲ.