ಚಂದ್ರಲೋಕದ ಅತ್ತೆಯ ಬಗ್ಗೆ ಹಣಮಂತರಾಯರ ಅಭಿಪ್ರಾಯ

ಬೆಳಿಗ್ಗೆ ಹತ್ತೂಕಾಲಿಗೆ ಜವಾನ ಮಾಪಣ್ಣ ಮೂರು ಪುಸ್ತಕ ತಂದು ಮೇಜಿನ ಮೇಲಿಟ್ಟ. ಗುಮಾಸ್ತ ಹಣಮಂತರಾಯರು ಅವನ್ನು ಮೂರು ಹಾವಿನ ಮರಿ ನೋಡಿದಂತೆ ನೋಡಿ, ಕುರ್ಚಿ ಹಿಂದಕ್ಕೆ ಸರಿಸಿದರು.

ಮೇಲೊಂದು ಉರ್ದು ಚೀಟಿ ಇತ್ತು. ಬರೆದವರು ಶಿಕ್ಷಣ ಕಚೇರಿಗೆ ಹೊಸದಾಗಿ ಬಂದ ಶಬ್ಬೀರ್ ಸಾಹೇಬರು. ಅವರು ಶಾಲೆ ತಪಾಸಣೆಗೆಂದು ಕಮಲಾಪುರದ ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದರು. ‘ಈ ಮೂರು ಕನ್ನಡ ಪುಸ್ತಕ ಮಕ್ಕಳಿಗೆ ಬಹುಮಾನ ಕೊಡಲು ಯೋಗ್ಯವೋ ಹೇಗೆ? ಓದಿ, ಅಭಿಪ್ರಾಯ ಬರೆದು ಸಂಜೆಯೊಳಗೆ ಖುದ್ದು ತನ್ನಿ. ಉರ್ದುವಿನಲ್ಲಿ ಬರೆದರೂ ನಡೆದೀತು. ಕನ್ನಡ ಓದಬಲ್ಲವರ ಪಟ್ಟಿ ನಾಳೆ ಮೇಲಕ್ಕೆ ಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದವರು ಮನೆಗೆ.’

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷವಾಗಿತ್ತು. ಕಲಬುರ್ಗಿಯ ಕಚೇರಿಗಳಲ್ಲಿ ಉರ್ದು ಕಾಗದ ಕೆಳಗಿಳಿದು ಕನ್ನಡ ಕಾಗದ ಮೇಲೇರುತ್ತಿತ್ತು. ಹಣಮಂತರಾಯರು ಶಾಲೆಯಲ್ಲಿ ಕಲಿತದ್ದು ಉರ್ದು, ಮನೆಯಲ್ಲಿ ಓದಿದ್ದು ಮರಾಠಿ. ಕನ್ನಡ ಮಾತಾಡಲು ಕೂತರೆ ಎದುರಿನವರಿಗೆ ನಿದ್ದೆ ಬರುವವರೆಗೂ ಮಾತಾಡುತ್ತಿದ್ದರು. ಆದರೆ ಕನ್ನಡ ಅಕ್ಷರ ಅವರ ಕಣ್ಣಿಗೆ ಬಾಣಲೆಗೆ ಬಿದ್ದ ಜಿಲೇಬಿಯಂತೆ ಕಾಣುತ್ತಿತ್ತು. ಹೋದ ವರ್ಷ ಸರಕಾರದ ಫಾರಮಿನಲ್ಲಿ ‘ಕನ್ನಡ ಓದಲು, ಬರೆಯಲು ಉತ್ತಮವಾಗಿ ಬರುತ್ತದೆ’ ಎಂದು ಹೆದರಿ ತುಂಬಿಬಿಟ್ಟಿದ್ದರು. ಎರಡು ತಿಂಗಳಲ್ಲಿ ಕಲಿತರಾಯಿತು ಎಂದುಕೊಂಡಿದ್ದರು. ಆದರೆ ಅಕ್ಷರ ತಿದ್ದಲು ಪಾಟಿ ಕೊಳ್ಳಹೋದರೆ ಅಂಗಡಿಯವನಿಗೆ ಗೊತ್ತಾಗುತ್ತದೆ, ಅಂಗಡಿಯವನಿಗೆ ಗೊತ್ತಾದರೆ ಇಡೀ ಜಿಲ್ಲೆಗೆ ಗೊತ್ತಾಗುತ್ತದೆ. ಪಾಟಿ ಅಂಗಡಿಯಲ್ಲೇ ಉಳಿಯಿತು.

“ಏನ್ ರಾಯರ, ಮಾರಿ ಯಾಕ ಬೆಳ್ಳಗಾತು?” ಎಂದ ಮಾಪಣ್ಣ.

“ಇಲ್ಲಿ ಗದ್ದಲ ಭಾಳ. ಮನ್ಯಾಗ ಶಾಂತ ಕುಂತು ಓದ್ತೇನಿ. ನೀ ಎರಡರ ಬಸ್ಸಿಗೆ ಬಾ, ಪುಸ್ತಕದ ಗಂಟು ಹೊರಾಕ.”

ಮನೆಯಲ್ಲಿ ಹೆಂಡತಿ ಪಾರ್ವತೀಬಾಯಿ ವಿಷಯ ಕೇಳಿ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. “ಅಯ್ಯ! ಹದಿನೆಂಟು ವರ್ಷ ಸಂಸಾರ ಮಾಡೀನಿ, ಕನ್ನಡ ಓದಾಕ ಬರಲ್ಲಂತ ನನಗೂ ಹೇಳ್ಳಿಲ್ಲಲ್ರೀ? ದಿನಾ ಕನ್ನಡ ಪೇಪರ್ ಹಿಡಕೊಂಡು ಹೂಂ ಹೂಂ ಅಂತಿದ್ರಿ?”

“ಚಿತ್ರ ನೋಡ್ತಿದ್ದೆ. ಸಣ್ಣಗ ಮಾತಾಡು!”

ತಡವಾಗಿತ್ತು. ಪಕ್ಕದ ಮನೆಯ ಜುಬೇದಾಳ ತಲೆ ಗೋಡೆಯ ಮೇಲೆ ಆಗಲೇ ಮೂಡಿತ್ತು. ಓಣಿಯಲ್ಲಿ ಸೂಜಿ ಬಿದ್ದರೆ ಜುಬೇದಾ ಅದರ ನಂಬರು ಹೇಳುತ್ತಿದ್ದಳು.

“ಫಿಕರ್ ಮಾಡಬ್ಯಾಡ್ರಿ ಅಣ್ಣಾರ! ನಾ ಯಾರ ಮುಂದನೂ ಹೇಳಲ್ಲ. ಚಂದ್ರಾಬಾಯಿ ಆಯಿ ಇಲ್ಲೇನು? ದಿನಾ ಮಧ್ಯಾಹ್ನ ಪುರಾಣ ಓದ್ತಾಳ, ನಾನೂ ಗ್ವಾಡಿಗೆ ಕಿವಿ ಕೊಟ್ಟು ಕೇಳ್ತೀನಿ. ಎಂಥಾ ಓದು! ಒಂದ್ ಕಡಿ ತಡಿಯಲ್ಲ. ಈಗ ಕರಕೊಂಡು ಬರ್ತೀನಿ.”

ಯಾರ ಮುಂದೆಯೂ ಹೇಳದ ಜುಬೇದಾ ಆಯಿಯನ್ನು ಕರೆತರುವಾಗ ಆರು ಹೆಂಗಸರೂ ಹಿಂದೆ ಬಂದರು.

ಚಂದ್ರಾಬಾಯಿಗೆ ಎಪ್ಪತ್ತೆರಡು. ಬಾಯಲ್ಲಿ ಹಲ್ಲು ನಾಲ್ಕು, ಆ ನಾಲ್ಕೂ ಯಾರನ್ನಾದರೂ ಕಾಡಲೆಂದೇ ಉಳಿದಿದ್ದವು. “ಏನೋ ಹಣಮಂತಾ, ಸರಕಾರದ ಪಗಾರ ನಿಂಗ, ಸರಕಾರದ ಓದು ನಂಗ?” ಎನ್ನುತ್ತ ವ್ಯಾಸಪೀಠ ಎಳೆದುಕೊಂಡು ಮೊದಲ ಪುಸ್ತಕ ಅದರ ಮೇಲಿಟ್ಟಳು. ಚಿತ್ರ ನೋಡಿದಳು. ಗಂಟಲು ಸರಿಮಾಡಿಕೊಂಡಳು. ಶುರುವಾಯಿತು.

“ಒಬ್ಬ ಶ್ಯಾಣ್ಯಾ, ಭಾಳ ಬುದ್ಧಿವಂತ, ಒಂದು ದೊಡ್ಡ ತಾಮ್ರದ ಹಂಡೇದಾಗ ಕುಂತು, ತೆಳಗ ಉರಿ ಹಚ್ಚಿ, ಉಗಿ ಬಂದಮ್ಯಾಲೆ ಚಂದ್ರಲೋಕಕ್ಕ ಹಾರಿ ಹೋದ. ಅಲ್ಲಿ ನೋಡ್ತಾನ, ಎಲ್ಲಾ ಐತವಾರ ಸಂತಿ! ಎಮ್ಮಿ ಇಲ್ಲ, ಆದ್ರ ಬೆಣ್ಣಿ ನೆಲದಾಗ ಹುಟ್ಟತದ. ಚಂದ್ರಲೋಕದ ಅತ್ತಿಗೆ ಮೂರು ಕಣ್ಣು. ಎರಡು ನಿದ್ದಿ ಮಾಡಾಕ, ಒಂದು ಸೊಸೀನ ನೋಡಾಕ.”

“ಹಂಡೆ ಅಷ್ಟೆತ್ತರ ಹಾರ್ತದೇನ್ರಿ ಆಯಿ?” ಎಂದಳು ಜುಬೇದಾ.

“ಪುಸ್ತಕದಾಗ ಅದ! ನಾ ಏನ್ ಸುಳ್ಳ ಹೇಳತೀನಾ? ಇದಕ್ಕ ವಿಜ್ಞಾನ ಅಂತಾರ.”

ಹಣಮಂತರಾಯರು ನೆಲಕ್ಕೆ ಕೂತು ಸರಸರ ಉರ್ದುವಿನಲ್ಲಿ ಬರೆದುಕೊಂಡರು. ಅವಸರಕ್ಕೆ ಚೆಲ್ಲಿದ ಮಸಿ ಧೋತರದ ಮೇಲೆ ಹೈದರಾಬಾದ್ ನಕಾಶೆಯಂತೆ ಹರಡಿತು.

ಎರಡನೆಯದು ಚಿತ್ರಗಳ ಪುಸ್ತಕ. ಎಲ್ಲರ ಬಾಯಿಂದಲೂ ಮೋಡದಂಥ ಗುಳ್ಳೆ ಹೊರಟಿದ್ದವು. “ಇದರಾಗ ಒಬ್ಬರೂ ಕೇಳೋರಿಲ್ಲ, ಎಲ್ಲಾರೂ ಮಾತಾಡೋರೇ,” ಎಂದಳು ಆಯಿ. “ನಮ್ಮ ಓಣಿ ಕಂಡಂಗ ಅದ. ಬರ್ಕೋ, ಇಂಥಾ ಪುಸ್ತಕ ಹುಡುಗರಿಗೆ ಬ್ಯಾಡ, ನಳದ ಮುಂದ ನಿಂತ್ರ ಪುಕ್ಕಟ ಸಿಗ್ತದ.”

ಮೂರನೆಯದು ಚಿಕ್ಕ ಮಕ್ಕಳದು. ಮೊದಲ ಪುಟದಲ್ಲಿ ಕೈಮುಗಿದ ಮೊಲ, ಕೊನೆಯ ಪುಟದಲ್ಲಿಯೂ ಕೈಮುಗಿದ ಮೊಲ. ಚಂದ್ರಾಬಾಯಿ ಮುಖ ಕಿವುಚಿದಳು. “ಹಲ್ಲ ಉಜ್ಜು, ಹಿರ್ಯಾರಿಗೆ ನಮಸ್ಕಾರ ಮಾಡು, ಕದೀಬ್ಯಾಡ, ಬೈಬ್ಯಾಡ. ಮೊಲಕ್ಕ ಇಷ್ಟ್ ಕಾಟ ಕೊಟ್ರ ಅದು ಯಾವಾಗ ಜಿಗೀಬೇಕು? ಇದು ಹುಡುಗರ ಪುಸ್ತಕ ಅಲ್ಲೋ, ಮುದುಕರು ಹುಡುಗರಿಗೆ ಹೊಡ್ಯೋ ಬಡಿಗಿ!”

ಹೆಂಗಸರೆಲ್ಲ ಹೋ ಎಂದು ನಕ್ಕರು. ಹಣಮಂತರಾಯರು ಅದನ್ನೂ ಬರೆದರು. ನಾಲ್ಕು ಪುಟ ತುಂಬಿತು. ಜನ್ಮದಲ್ಲಿ ಅವರು ಒಂದು ವಿಷಯದ ಬಗ್ಗೆ ಇಷ್ಟು ಅಭಿಪ್ರಾಯ ಇಟ್ಟುಕೊಂಡಿದ್ದೇ ಇಲ್ಲ.

ಎರಡರ ಬಸ್ಸು ಎರಡೂಮುಕ್ಕಾಲಿಗೆ ಹೊರಟಿತು. ರಾಯರ ತೊಡೆಯ ಮೇಲೆ ಯಾರದೋ ಕೋಳಿ, ಕೋಳಿಯ ಮೇಲೆ ಯಾರದೋ ಛತ್ರಿ. ಪಕ್ಕದಲ್ಲಿ ಮಾಪಣ್ಣ ಗಂಟು ಬಿಚ್ಚಿ ಚಂದ್ರನ ಪುಸ್ತಕ ಹೊರಗೆ ತೆಗೆದ. ಬೆರಳಿಟ್ಟು, ತುಟಿ ಅಲ್ಲಾಡಿಸತೊಡಗಿದ.

“ಏ, ಏನ್ ಮಾಡಾಕತ್ತಿ?”

“ಓದಾಕತ್ತೀನ್ರಿ. ಮೂರ್ ತಿಂಗಳಾತು, ಸಂಜಿ ವಯಸ್ಕರ ಸಾಲಿಗೆ ಹೋಗ್ತೀನಿ. ಐವತ್ತೆರಡನೇ ವರ್ಷಕ್ಕ ಅಕ್ಷರ ಬಂದಾವ್ರಿ!” ಮಾಪಣ್ಣ ಹೆಮ್ಮೆಯಿಂದ ಒಂದೊಂದೇ ಅಕ್ಷರ ಕೂಡಿಸಿದ. “ಚಂ... ದ್ರ... ನ... ಲ್ಲಿ... ಗಾಳಿ ಇಲ್ಲ. ನೀ... ರಿಲ್ಲ. ಜ... ನ... ರಿಲ್ಲ.”

ಹಣಮಂತರಾಯರು ಕೋಳಿಯ ಮೇಲಿಂದ ಬಾಗಿ ಪುಸ್ತಕ ಇಣುಕಿದರು. “ಜನರಿಲ್ಲ? ಸರಿಯಾಗಿ ನೋಡು. ಅತ್ತಿ ಇಲ್ಲೇನು?”

“ಯಾರ ಅತ್ತಿ?”

“ಮೂರು ಕಣ್ಣಿನ ಅತ್ತಿ! ಸಂತಿ! ಬೆಣ್ಣಿ!”

ಮಾಪಣ್ಣ ಪುಟ ತಿರುವಿದ. “ಬರೇ ಕಲ್ಲು ಅಂತ ಬರದಾರ್ರಿ. ಕಲ್ಲು, ಧೂಳ, ಮತ್ತ ಕಲ್ಲು. ಇದನ್ನ ನಿಮಗ ಓದಿ ಹೇಳಿದವರ್ಯಾರು?”

“ಚಂದ್ರಾಬಾಯಿ.”

ಮಾಪಣ್ಣ ಬಸ್ಸು ಅದುರುವಂತೆ ನಕ್ಕ. “ಆಯೀಗಿ ಎಲ್ಲಿ ಓದು ಬರ್ತದ್ರಿ! ಹೋದ ತಿಂಗಳ ಅಕಿ ಮಗನ ಕಾಗದ ನಾನೇ ಓದಿ ಹೇಳೀನಿ, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಾಳ. ಪುರಾಣ ಎಲ್ಲಾ ಕೇಳಿ ಕೇಳಿ ಬಾಯಿಪಾಠ. ಪುಸ್ತಕ ಇರೋದು ಬರೇ ಭಕ್ತೀಗಿ.”

ಅಭಿಪ್ರಾಯ ಹರಿದು ಹಾಕೋಣವೆಂದರೆ ಬೇರೆ ಕಾಗದವಿಲ್ಲ. ಇಳಿದು ಓಡೋಣವೆಂದರೆ ಕೋಳಿ ಬಿಡದು. ಹೆಂಡತಿ, ಮನೆ ಬಾಡಿಗೆ, ಮಗಳ ಮದುವೆ ಎಲ್ಲವೂ ಚಂದ್ರಲೋಕದ ಧೂಳಿನಲ್ಲಿ ಹಾರಿಹೋದಂತೆ ಕಂಡವು. ಕಮಲಾಪುರದ ಕೆಂಪು ಬಾಳೆಯ ತೋಟಗಳು ಕಿಟಕಿಯಲ್ಲಿ ಬಂದಾಗ ರಾಯರು ಅವನ್ನು ಕೊನೆಯ ಸಲ ನೋಡುವವರಂತೆ ನೋಡಿದರು.

ಬಂಗಲೆಯಲ್ಲಿ ಶಬ್ಬೀರ್ ಸಾಹೇಬರು ನಾಲ್ಕು ಪುಟವನ್ನೂ ಓದಿದರು. ಮತ್ತೊಮ್ಮೆ ಓದಿದರು. ಅವರ ಮೀಸೆ ಅದುರಿತು. ಹಣಮಂತರಾಯರು ಗೋಡೆಗೆ ಆನಿಕೊಂಡರು.

“ರಾವ್ ಸಾಬ್,” ಎಂದರು ಸಾಹೇಬರು, “ಎಂಟು ಮಂದಿಗೆ ಪುಸ್ತಕ ಕೊಟ್ಟಿದ್ದೆ. ಏಳು ಮಂದಿ ‘ಚಲೋ ಅದ, ಬಹುಮಾನಕ್ಕ ಅಡ್ಡಿ ಇಲ್ಲ’ ಅಂತ ಒಂದೊಂದು ಗೆರಿ ಬರದಾರ. ಪುಸ್ತಕ ಬಿಚ್ಚೇ ಇಲ್ಲ ಕಾಮಚೋರರು! ನೀವೊಬ್ಬರು ಅತ್ತೀ ಕಣ್ಣು ಸುದ್ಧಾ ಎಣಿಸೀರಿ. ವ್ಹಾ!”

ಅವರು ಪಟ್ಟಿ ತೆಗೆದು ಮೊದಲ ಹೆಸರೇ ಹಣಮಂತರಾಯ ಎಂದು ಉರ್ದುವಿನಲ್ಲಿ ಬರೆದರು. ರಾಯರು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ಬದುಕಿದೆ ಎಂದುಕೊಂಡರು.

“ಮಾಪಣ್ಣ, ಈ ಪಟ್ಟಿ ತಗೊಂಡು ಇದೇ ಬಸ್ಸಿಗೆ ವಾಪಸ್ ಹೋಗು. ರಾವ್ ಸಾಬ್ ಇಲ್ಲೇ ಇರ್ತಾರ.”

ಮಾಪಣ್ಣ ಹೋದ. ಸಾಹೇಬರು ಬಾಗಿಲಿಗೆ ಚಿಲಕ ಹಾಕಿದರು, ಕಿಟಕಿಯ ಪರದೆ ಎಳೆದರು, ಕುರ್ಚಿಯನ್ನು ರಾಯರ ಹತ್ತಿರಕ್ಕೆ ಸರಿಸಿ ದನಿ ತಗ್ಗಿಸಿದರು.

“ನಾ ಬೀದರದಾಗ ಹುಟ್ಟಿದಾಂವ. ಕನ್ನಡ ಮಾತಾಡ್ತೀನಿ, ಆದ್ರ ಅಲ್ಲಾನ ಆಣಿ, ಒಂದು ಅಕ್ಷರ ಬರಲ್ಲ. ಫಾರಮಿನಾಗ ಬರ್ತದಂತ ಬರದುಬಿಟ್ಟೀನಿ. ನಾಳೆ ಹತ್ತು ಗಂಟೇಕ್ಕ ಮ್ಯಾಲಿನ ಸಾಹೇಬ್ರು ಬಂದು ನನ್ನ ಪರೀಕ್ಷಾ ತಗೋತಾರ. ಒಬ್ಬ ಖರೇ ಓದು ಬಲ್ಲಾಂವ ಬೇಕಿತ್ತು, ಅದಕ್ಕೇ ಈ ಪುಸ್ತಕದ ನಾಟಕ. ನನ್ನ ನೌಕರಿ ಉಳದ್ರ ನಿಮ್ಮದೂ ಉಳೀತು. ಹೋದ್ರ, ನಿಮ್ಮನ್ನೂ ಸಂಗಾಟ ಕರಕೊಂಡೇ ಹೋಗ್ತೀನಿ.”

ಹೊರಗೆ ಬಸ್ಸು ಹಾರನ್ ಹೊಡೆದು ಕಲಬುರ್ಗಿಯ ಕಡೆ ಹೊರಟಿತು.

ಸಾಹೇಬರು ಮಂಚದ ಕೆಳಗಿನಿಂದ ಹೊಸ ಪಾಟಿ ತೆಗೆದು, ಬಳಪವನ್ನು ಹಣಮಂತರಾಯರ ಕೈಗಿತ್ತು, ಶಾಲೆಗೆ ಮೊದಲ ದಿನ ಬಂದ ಕೂಸಿನಂತೆ ಕಾಲು ಮಡಚಿ ಕೂತರು.

“ಹೂಂ ಮಾಸ್ತರ್ರ, ಮೊದಲನೇ ಅಕ್ಷರ ಹ್ಯಾಂಗ ಬರೀತಾರ, ತೋರಸ್ರಿ.”